ಗಂಗೆದೊಗಲು ಕೆರೆದ ಕೈ

ನಮ್ಮ ದೊಡ್ಡಮ್ಮ ಲಸಿಕೆ ಸಂಸ್ಥೆಯ ಕರುಗಳ ಕೊಟ್ಟಿಗೆಯಲ್ಲಿ ಕೆಲಸಕ್ಕಿದ್ದಾಳೆ. ಮನೆಯಲ್ಲಿ ನಮ್ಮ ಮೇಲೆಲ್ಲ ಹರಿಹಾಯುವವಳು, ಕರುಗಳ ಮುಂದೆ ಬೆಣ್ಣೆ. ಅದನ್ನೇ ಆಡಿಕೊಂಡು ನಾವು ನಗುತ್ತಿದ್ದೆವು.

ಅಲ್ಲಿನ ಡಾಕ್ಟರು ಡಿಎನ್‌ಎ ಲಸಿಕೆಯ ಬೆನ್ನು ಹತ್ತಿದ್ದರು. ರೋಗಾಣುವಿನ ಬದಲು ಅದರ ಒಂದು ಚೂರಿನ ನಕ್ಷೆ ಚುಚ್ಚಿದರೆ, ಮೈಯೇ ಆ ಚೂರನ್ನು ತಯಾರಿಸಿಕೊಂಡು ರೋಗದ ಗುರುತು ಹಿಡಿಯಲು ಕಲಿಯುತ್ತದಂತೆ. ಇಲಿಗಳಲ್ಲಿ ಕೆಲಸ ಮಾಡಿತ್ತು. ದನದ ದೊಡ್ಡ ಮೈಗೆ ಮಾತ್ರ ಯಾವ ಲೆಕ್ಕಕ್ಕೂ ಇಲ್ಲ. ಅದಕ್ಕೇ ಈ ಸಲ ಸೂಜಿಯ ಜೊತೆ ಸಣ್ಣಗೆ ಕರೆಂಟ್ ಕೊಡುತ್ತಿದ್ದರು, ಮದ್ದು ಜೀವಕೋಶದ ಒಳಗಿಳಿಯಲಿ ಅಂತ. ಆಗ ಕರು ಅಲುಗಾಡಿದರೆ ಎಲ್ಲ ದಂಡ.

ಅಲುಗಾಡದಂತೆ ನಿಲ್ಲಿಸುವುದು ದೊಡ್ಡಮ್ಮನ ಕೆಲಸ. ಹಗ್ಗ ಬಿಗಿದರೆ ಹೆದರುತ್ತವೆ ಎಂದು ಅವಳು ದಿನಾ ಅವುಗಳ ಗಂಗೆದೊಗಲು ಕೆರೆದು ಅಭ್ಯಾಸ ಮಾಡಿಸಿದಳು. ಕತ್ತಿನ ಕೆಳಗೆ ಜೋಲುವ ಆ ತೊಗಲಿಗೆ ಬೆರಳು ಸೋಕಿದ್ದೇ ತಡ, ಕರು ಕತ್ತು ಚಾಚಿ, ಕಣ್ಣು ಅರೆಮುಚ್ಚಿ ನಿಂತುಬಿಡುತ್ತಿತ್ತು. ಎಲ್ಲಕ್ಕಿಂತ ಬೇಗ ಕಲಿತದ್ದು ಒಂದು ಕಿಲಾಡಿ ಹೆಣ್ಣುಗರು. ಅದನ್ನು ಅವಳು ಸೊಟ್ಟಮೂತಿ ಅಂತ ಕರೆಯುತ್ತಿದ್ದಳು.

ಆಮೇಲೆ ಬೇಕೆಂದೇ ರೋಗ ಹತ್ತಿಸಿ ನೋಡುತ್ತಾರೆ. ಕಾಯಿಲೆ ಬಿದ್ದವನ್ನು ಉಳಿಸುವಂತಿಲ್ಲ, ಇಂಜೆಕ್ಷನ್ ಕೊಟ್ಟು ಸಾಯಿಸುತ್ತಾರೆ. ಗಟ್ಟಿಯಾಗಿ ನಿಂತವು, ಲಸಿಕೆ ಎಷ್ಟು ಕಾಲ ಕಾಯುತ್ತದೆಂದು ನೋಡಲು, ಅಲ್ಲೇ ಬದುಕುತ್ತವೆ. ಲಸಿಕೆ ಹಿಡಿದಿದೆಯೆಂದು ಸೊಟ್ಟಮೂತಿಯ ರಕ್ತಪರೀಕ್ಷೆಯಲ್ಲಿ ಗೊತ್ತಾದ ದಿನ ದೊಡ್ಡಮ್ಮ ಮನೆಗೆ ಬಂದು ನನ್ನನ್ನು ಒಂದು ಸಲವೂ ಬೈಯಲಿಲ್ಲ.

ರೋಗ ಹತ್ತಿಸಿದರು. ಲಸಿಕೆ ಹಾಕದ ಕರುಗಳಿಗೆ ಜ್ವರ ಬಂತು. ಹಾಕಿದವಕ್ಕೂ ಬಂತು. ಸೊಟ್ಟಮೂತಿಯೊಂದೇ ಮೇವು ತಿನ್ನುತ್ತಿತ್ತು. ಮಾರನೆಯ ದಿನ ಅದೂ ಜೊಲ್ಲು ಸುರಿಸುತ್ತ ನಿಂತಿತ್ತು.

"ಒಂದು ದಿನ ತಡವಾಗಿ ಬಂತಲ್ಲಮ್ಮ. ಇದೂ ಒಂದು ಸುಧಾರಣೆನೇ," ಅಂದರು ಡಾಕ್ಟರು.

"ನಿಮಗೆ ಸುಧಾರಣೆ ಸಾರ್. ಕರುವಿಗೇನು ಬಂತು?"

ಆ ಡಾಕ್ಟರ ಮೇಲೆ ನನಗೆ ಈಗಲೂ ಸಿಟ್ಟಿದೆ, ಆದರೆ ಅವರೂ ಸೋತು ಸುಣ್ಣವಾಗಿದ್ದರು.

ಕೊನೆಯ ಇಂಜೆಕ್ಷನ್ನಿಗೆ ಸೊಟ್ಟಮೂತಿ ಯಾರ ಕೈಗೂ ಸಿಗಲಿಲ್ಲ. ಜ್ವರದಲ್ಲೂ ಒದೆಯಿತು, ಮೂಲೆಗೆ ಓಡಿತು. ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು. ಅವಳು ಹೋಗಿ ಗಂಗೆದೊಗಲಿಗೆ ಬೆರಳಿಟ್ಟಳು. ಕರು ಕತ್ತು ಚಾಚಿ, ಕಣ್ಣು ಅರೆಮುಚ್ಚಿ, ಅಲುಗಾಡದೆ ನಿಂತಿತು.

ಈಗ ಹೊಸ ಕರುಗಳು ಬಂದಿವೆ. ದೊಡ್ಡಮ್ಮ ಅವಕ್ಕೆ ಹಗ್ಗ ಬಿಗಿಯುತ್ತಾಳೆ. ಹೆದರಿದರೆ ಹೆದರಲಿ ಅನ್ನುತ್ತಾಳೆ.