ಹಾಲೇಶಣ್ಣನ ಹೆಸರಿನಲ್ಲಿ ಬಂದ ಕರ್ನೆಲ್

ಸತ್ತವರು ಬರುತ್ತಾರೆಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಹರಿಹರದ ಹಾಲೇಶಣ್ಣನೂ ನಾನೂ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆವು. ಅಲ್ಲಿನ ಹಳೆಯ ಸರ್ವರ್‌ಗೆ ಹದಿನಾರು ಜಿಬಿ ಮೆಮೊರಿ ತಂದು ಹಾಕಿದವನು ಅವನು. ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದವನು ನಾನು. ಅಂಥ ಯಂತ್ರಕ್ಕೆ ಲಿನಕ್ಸಿನ ಕರ್ನೆಲ್, ಅಂದರೆ ಎಲ್ಲವನ್ನೂ ನಡೆಸುವ ತಿರುಳು, ಎರಡು ಬಗೆಯದು ಸಿಗುತ್ತಿತ್ತು. ಸಾದಾ ಕರ್ನೆಲ್‌ಗೆ ನಾಲ್ಕು ಜಿಬಿಯ ಆಚೆ ಏನೂ ಕಾಣದು. ಹೆಚ್ಚು ಮೆಮೊರಿಗೆ ಬೇರೆಯೇ ಬೇಕು. ನಾನು ಅವಸರದಲ್ಲಿ ಸಾದಾದ್ದನ್ನು ಹಾಕಿಬಿಟ್ಟೆ.

ಕಾರ್ಖಾನೆಯ ಮಾಲೀಕರು, ನಮ್ಮ ಸಾವ್ಕಾರ್ರು, ಪರದೆ ನೋಡಿದರು. ಮೂರು ಚಿಲ್ಲರೆ ಜಿಬಿ. ಉಳಿದದ್ದನ್ನು ಹಾಲೇಶಣ್ಣ ಮಾರಿಕೊಂಡಿದ್ದಾನೆ ಎಂದರು. ಅವನು ಸರ್ವರ್ ಬಿಚ್ಚಿ ಒಳಗಿದ್ದದ್ದನ್ನು ತೋರಿಸಿದರೆ, ಅದೆಲ್ಲ ಡೂಪ್ಲಿಕೇಟ್ ಎಂದರು. ನನ್ನ ತಪ್ಪು ನನಗೆ ಆಗಲೇ ಹೊಳೆದಿತ್ತು. ಹಾಲೇಶಣ್ಣ ನನ್ನ ಕಡೆ ತಿರುಗಿದ.

"ತಮ್ಮಾ, ನಿಂಗೊತ್ತೈತೆ. ಒಂದ್ ಮಾತ್ ಹೇಳು."

ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ನೌಕರಿ ಹೋದೀತೆಂಬ ಭಯ, ಮತ್ತೇನಲ್ಲ. ಅವತ್ತೇ ಅವನನ್ನು ಹೊರಗೆ ಹಾಕಿದರು. ಅವನ ಲಾಗಿನ್ ಅಳಿಸಿದವನೂ ನಾನೇ. ಶ್ರಾವಣದಲ್ಲಿ ಅವನು ತೀರಿಕೊಂಡ. ಮಣ್ಣಿಗೆ ಹೋಗಿದ್ದೆ, ಅವನ ಹೆಂಡತಿಯ ಮುಖ ನೋಡಲಾಗಲಿಲ್ಲ.

ಆ ಸರ್ವರ್ ಆರಿಸುತ್ತಿದ್ದದ್ದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಆ ವರ್ಷವೂ ಬೆಳಗ್ಗೆ ಆರಿಸಿ, ವಿಭೂತಿ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಮಧ್ಯಾಹ್ನ ಮತ್ತೆ ಚಾಲೂ ಮಾಡಿದೆ. ಪರದೆಯ ಮೇಲೆ ಪೂರಾ ಹದಿನಾರು ಜಿಬಿ.

ಯಾರು ಯಾವಾಗ ಏನು ಹಾಕಿದರೆಂದು ಸರ್ವರ್ ಬರೆದಿಡುವ ದಾಖಲೆ ತೆಗೆದು ನೋಡಿದೆ. ದೊಡ್ಡ ಮೆಮೊರಿಯ ಕರ್ನೆಲ್ ಬಂದು ಕೂತಿದೆ. ಹಾಕಿದ್ದು ಅದೇ ಬೆಳಗ್ಗೆ, ಯಂತ್ರ ಆರಿಸುವ ಮುಂಚೆ, ನಾನೇ ಅಳಿಸಿದ್ದ ಹಾಲೇಶಣ್ಣನ ಲಾಗಿನ್ನಿನಿಂದ. ಸರ್ವರ್‌ಗೆ ಹೊರಗಿನ ಸಂಪರ್ಕವೇ ಇರಲಿಲ್ಲ. ಕೋಣೆಯ ಕೀಲಿ ನನ್ನ ಜೇಬಿನಲ್ಲಿತ್ತು. ನಾನೇ ಮಾಡಿ ಮರೆತೆನೇ ಎಂದೂ ಎಷ್ಟೋ ಸಲ ಯೋಚಿಸಿದ್ದೇನೆ. ಅಷ್ಟು ಧೈರ್ಯ ನನಗಿದ್ದಿದ್ದರೆ ಅವನು ಬದುಕಿದ್ದಾಗಲೇ ಮಾಡುತ್ತಿದ್ದೆ. ಯಾರು ಹಾಕಿದರೋ, ಇವತ್ತಿಗೂ ತಿಳಿಯದು.

ಅಷ್ಟರಲ್ಲಿ ಸಾವ್ಕಾರ್ರು ಹಿಂದಿನಿಂದ ಇಣುಕಿ ಅಂಕಿ ಓದಿದರು.

"ನೋಡಿದೇನಪಾ? ಸಾಯೋಕ್ ಮುಂಚೆ ಹೆದ್ರಿ, ಕದ್ದಿದ್ದನ್ನ ವಾಪಸ್ ತಂದಿಟ್ಟು ಹೋಗ್ಯಾನೆ."

ಅದು ಹಾಗಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರು ಪೂಜೆಯ ಮಂಡಕ್ಕಿ ಕೊಟ್ಟರು. ನಾನು ಎರಡೂ ಕೈ ಒಡ್ಡಿ ತೆಗೆದುಕೊಂಡೆ.