ಹಗೇವಿನ ಬಾಯಿಗೆ ಅಡ್ಡ ಬಿದ್ದವಳು

ಹೋದ ವರ್ಷ ಹಿಂಗಾರಿ ಸುಗ್ಗಿ ಮುಗಿದಿತ್ತು. ನಾನು ಎಂ.ಎ. ಪರೀಕ್ಷೆ ಬರೆದು ನವಲಗುಂದ ತಾಲೂಕಿನ ನಮ್ಮೂರಿಗೆ ಬಂದಿದ್ದೆ. ನಮ್ಮ ಮನೆಯ ಮುಂದೆ ಅಜ್ಜನ ಕಾಲದ ಹಗೇವು ಇದೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಕೋಣೆಯಷ್ಟು ಅಗಲ. ವರ್ಷಗಟ್ಟಲೆ ಮುಚ್ಚಿತ್ತು. ಅದನ್ನು ಸ್ವಚ್ಛ ಮಾಡಿಸಿ ಹೊರಗಿನವರಿಗೆ ತೋರಿಸುತ್ತೇವೆ ಎಂದು ಒಂದು ಸಂಸ್ಥೆಯವರು ಅಪ್ಪನನ್ನು ಒಪ್ಪಿಸಿದ್ದರು.

ಅವರ ಮ್ಯಾನೇಜರ್ ಚುರುಕಿನ ಮನುಷ್ಯ. ಬಂದವನೇ ಕೆಲಸ ಹಂಚಿದ. ನೀನು ಇಳಿ, ನೀನು ಹಗ್ಗ ಹಿಡಿ, ನೀನು ಪುಟ್ಟಿ ಎಳಿ. ಆಳುಗಳನ್ನು ಕರೆತಂದಿದ್ದ ಯಲ್ಲವ್ವ, ಬಾಯಿ ಮುಚ್ಚಿದ್ದ ಕಲ್ಲು ಸರಿಸಿದಾಗ ಬಂದ ವಾಸನೆಗೆ ಮೂಗು ಮುಚ್ಚಿಕೊಂಡಳು. "ಇವತ್ತ ಬ್ಯಾಡ್ರಿ ಸಾಹೇಬ್ರ, ಒಂದ ದಿನಾ ತೆರದಿಡೂಣು."

"ನಾಳೆ ಮಂದಿ ಬರ್ತಾರವಾ. ಹೇಳಿದಷ್ಟು ಮಾಡ್ರಿ."

ಅವಳ ಮೈದುನ ನಿಂಗಪ್ಪ ಆಗಲೇ ಏಣಿಗೆ ಕಾಲಿಟ್ಟಿದ್ದ. "ಅಂಜಬ್ಯಾಡ ಅತ್ತಿಗಿ, ನೀ ನನಗ ಹೆಣ್ಣ ನೋಡೂತನಾ ನಾ ಸಾಯಾಂವಲ್ಲ!" ಎಲ್ಲರೂ ನಕ್ಕರು. ಯಲ್ಲವ್ವ "ಬ್ಯಾಡಲೇ" ಅನ್ನುವಷ್ಟರಲ್ಲಿ ಇಳಿದುಬಿಟ್ಟ. ಒಂದು ಕೆಮ್ಮು ಕೇಳಿತು. ಆಮೇಲೆ ಏನೋ ಕುಸಿದ ಸದ್ದು. ಎಷ್ಟು ಕರೆದರೂ ಉತ್ತರವಿಲ್ಲ.

ಮ್ಯಾನೇಜರ್ ಬೆವರುತ್ತ ಮತ್ತೆ ಕೆಲಸವನ್ನೇ ಹಂಚಿದ. "ಬಸಪ್ಪ, ಇಳಿ! ಫಕ್ಕೀರಪ್ಪ, ಅವನ ಹಿಂದ ನೀ ಇಳಿ!"

ಬಸಪ್ಪ ನಿಂಗಪ್ಪನ ಅಣ್ಣ, ಯಲ್ಲವ್ವನ ಗಂಡ. ಹೇಳುವ ಮೊದಲೇ ಓಡಿ ಬಂದಿದ್ದ. ಯಲ್ಲವ್ವ ಹಗೇವಿನ ಬಾಯಿಗೆ ಅಡ್ಡ ಬಿದ್ದಳು.

"ಸರೀಬೇ! ಒಳಗ ನನ್ನ ತಮ್ಮ ಅದಾನ!"

"ಗೊತ್ತೈತ್ರಿ. ಇಳದಾಂವ ಮ್ಯಾಲ ಬರಂಗಿಲ್ಲ. ನನ್ನ ತುಳದು ಇಳೀರಿ."

ಅವನು ಒದ್ದ, ಕೂದಲು ಹಿಡಿದು ಎಳೆದ. ಅವಳು ಅಂಚಿನ ಕಲ್ಲು ಬಿಡಲಿಲ್ಲ. ಬಿದ್ದಲ್ಲಿಂದಲೇ, ಅವನನ್ನು ಹಿಡಿ ಎಂದು ಫಕ್ಕೀರಪ್ಪನಿಗೆ, ಒಳಗೆ ಗಾಳಿ ಬಿಡಲು ರಾಶಿ ತೂರುವ ಫ್ಯಾನ್ ತರ್ರಿ ಎಂದು ನನಗೆ ಕೂಗಿದಳು. ಎಲ್ಲರೂ ಅವಳ ಮಾತಿನಂತೆ ನಡೆದೆವು, ಮ್ಯಾನೇಜರ್ ಕೂಡ.

ಅಗ್ನಿಶಾಮಕದವರು ಬಂದು ನಿಂಗಪ್ಪನನ್ನು ಮೇಲೆತ್ತಿದಾಗ ಉಸಿರಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿತ್ತು, ಇನ್ನೊಬ್ಬ ಇಳಿದಿದ್ದರೆ ಅವನೂ ಉಳಿಯುತ್ತಿರಲಿಲ್ಲ ಎಂದರು.

ಈಗಲೂ ನಾನು ಆ ಜಾಗ ದಾಟದೆ ಹಿತ್ತಲ ಬಾಗಿಲಿನಿಂದ ಓಡಾಡುತ್ತೇನೆ. ಜನರಿಂದ ಕೆಲಸ ಮಾಡಿಸುವುದು ಬೇರೆ, ಅವರನ್ನು ಮುನ್ನಡೆಸುವುದು ಬೇರೆ ಎಂದು ಪುಸ್ತಕದಲ್ಲಿ ಓದಿದ್ದೆ. ಮುನ್ನಡೆಸುವವರು ಎಲ್ಲರಿಗಿಂತ ಮುಂದೆ ಓಡುತ್ತಾರೆ ಎಂದುಕೊಂಡಿದ್ದೆ. ಅವತ್ತು ಕಂಡದ್ದು, ನೆಲಕ್ಕೆ ಬಿದ್ದು ಒದೆ ತಿನ್ನುತ್ತಿದ್ದವಳನ್ನು.

ಬಸಪ್ಪ ಇಂದಿಗೂ ಅವಳು ಕೊಟ್ಟ ನೀರು ಮುಟ್ಟುವುದಿಲ್ಲ. 'ನನ್ನ ತಮ್ಮನ್ನ ಕೊಂದಾಕಿ' ಎಂದು ಓಣಿಯಲ್ಲೇ ಅನ್ನುತ್ತಾನೆ. ಅವನಿಗೆ ನಾನಾದರೂ ತಿಳಿಸಿ ಹೇಳಲೇ ಎಂದು ಕಳೆದ ತಿಂಗಳು ಯಲ್ಲವ್ವನನ್ನು ಕೇಳಿದೆ.

"ಅನ್ಲಿ ಬಿಡ್ರಿ" ಎಂದಳು. "ಅನ್ನಾಕಾದ್ರೂ ಅದಾನಲ್ರಿ."