ಔಷಧ ಮುಟ್ಟದ ನಾಲ್ಕು ಸಾಲು

ಫಸಕ್... ಫಸಕ್... ಫಸಕ್.

ಎಪ್ಪತ್ತರ ದಶಕದಲ್ಲಿ ತಿಕೋಟಾದ ನಮ್ಮ ಮನೆಗೆ ಸಂಜೆಯಾಗಿದೆ ಎಂದು ತಿಳಿಯುತ್ತಿದ್ದದ್ದು ಈ ಸದ್ದಿನಿಂದ. ಅಕ್ಕಪಕ್ಕದ ಮನೆಗಳಲ್ಲಿ ಆ ಹೊತ್ತಿಗೆ ದೇವರ ಗಂಟೆ ಕೇಳಿಸಿದರೆ ನಮ್ಮಲ್ಲಿ ಕೇಳಿಸುತ್ತಿದ್ದದ್ದು ಮಾವನವರ ಕೈಪಂಪು. ಮುಂದೆ ಒಂದು ಸಣ್ಣ ಡಬ್ಬಿ, ಹಿಂದೆ ಉದ್ದನೆಯ ಕೊಳವೆ. ಹಿಡಿ ನೂಕಿದರೆ ಸೊಳ್ಳೆ ಸಾಯುವ ಔಷಧ ಮಂಜಿನ ಹಾಗೆ ಹಾರುತ್ತಿತ್ತು. ಮಲಗುವ ಹೊರಸಿನ ಕೆಳಗೆ, ಜೋಳದ ಚೀಲದ ಹಿಂದೆ, ರೊಟ್ಟಿ ಬುಟ್ಟಿಯ ಸುತ್ತ, ಎಲ್ಲ ಕಡೆ ಹೊಡೆಯುತ್ತಿದ್ದರು. ದೇವರ ಕೋಣೆಯಲ್ಲಿ ಮಾತ್ರ ಚಪ್ಪಲಿ ಬಿಟ್ಟು ಹೊಡೆಯುತ್ತಿದ್ದರು. ಮಡಿವಂತರು.

ಮಾವನವರು ಸರ್ಕಾರಿ ನೌಕರಿಯಿಂದ ರಿಟೈರ್ ಆಗಿ ಹೊಲ ನೋಡಿಕೊಂಡಿದ್ದರು. ಅವರ ಪ್ರಕಾರ ಸೈನ್ಸ್ ಎಂದರೆ ಡಬ್ಬಿಯಲ್ಲಿ ಬರುವ ವಸ್ತು. ಡಬ್ಬಿಯ ಮೇಲೆ ಇಂಗ್ಲಿಷ್ ಇದ್ದರೆ ಸೈನ್ಸು ಇನ್ನೂ ಸ್ವಲ್ಪ ಹೆಚ್ಚು. ನಾನು ಕಾನ್ವೆಂಟಿನಲ್ಲಿ ಓದಿ ಬಂದ ಸೊಸೆ. ಮದುವೆಯಾದ ಮಾರನೆಯ ವಾರವೇ ಲೇಬಲ್ ಓದಿ ಹೇಳುವ ಕೆಲಸ ನನ್ನದಾಯಿತು.

"‘ಕೀಪ್ ಅವೇ ಫ್ರಂ ಫುಡ್’ ಅಂತ ಬರೆದಾರ್ರಿ ಮಾವಾರ. ತಿನ್ನೋ ಪದಾರ್ಥದಿಂದ ದೂರ ಇಡಬೇಕಂತ."

"ಅದು ಅವರ ದೇಶದ ಮಂದಿಗವಾ. ಅವರ ಹೊಟ್ಟಿ ನಾಜೂಕ. ನಮ್ಮದು ಜ್ವಾಳಾ ತಿಂದ ಹೊಟ್ಟಿ."

ಆ ಜೋಳ ತಿನ್ನುವುದನ್ನೇ ಅವರು ಕಡಿಮೆ ಮಾಡುತ್ತಿದ್ದರು ಎನ್ನುವುದು ಬೇರೆ ಮಾತು. ಹೈಜೀನ್ ಕ್ಲಾಸಿನಲ್ಲಿ ನಮ್ಮ ಸಿಸ್ಟರ್ ‘ನೊಣ ಮನುಷ್ಯನ ಶತ್ರು’ ಎಂದು ಹೇಳಿಕೊಟ್ಟಿದ್ದನ್ನು ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಅಂದಿನಿಂದ ಮಾವನವರು ಯಾರೇ ಬಂದರೂ "ಕಾನ್ವೆಂಟ್‌ದಾಗೂ ಇದನ್ನ ಹೇಳ್ಯಾರ್ರಿ" ಎಂದು ನನ್ನ ಕಡೆ ಕೈ ತೋರಿಸಿ ಪಂಪು ಎತ್ತುವರು. ಶಿಲುಬೆಯ ಪಕ್ಕದಲ್ಲಿ ಪಂಪನ್ನೂ ನೇತುಹಾಕಿದ್ದ ಸ್ಕೂಲಿನಿಂದ ನಾನು ಬಂದಿದ್ದೇನೆ ಎಂದು ಊರವರು ನಂಬಿರಲಿಕ್ಕೆ ಸಾಕು.

ಅತ್ತೆ ಮಾತಿಗೆ ನಿಲ್ಲುವವರಲ್ಲ. ಜೋಳಕ್ಕೆ ಬೂದಿ, ಬೇವಿನ ಸೊಪ್ಪು ಬೆರೆಸಿ ಚೀಲ ಕಟ್ಟುವುದು ಅವರ ಪದ್ಧತಿ. ಮಾವನವರು ಅದೇ ಚೀಲದ ಮೇಲೆ ಹುಳ ಸಾಯುವ ಬಿಳಿಪುಡಿ ಉದುರಿಸಿ ಹೋಗುತ್ತಿದ್ದರು. ಅತ್ತೆ ಆ ಚೀಲವನ್ನು ಬೆಳಿಗ್ಗೆ ಅಂಗಳದಲ್ಲಿ ಜಾಡಿಸಿ, ಹೊಸ ಬೇವು ಹಾಕಿ ಒಳಗಿಡುತ್ತಿದ್ದರು. ಒಗ್ಗರಣೆಗೆ ವನಸ್ಪತಿ ಡಬ್ಬಿ ಬಂತು. ಅತ್ತೆ ಗಾಣದ ಕುಸುಬಿ ಎಣ್ಣೆಯ ಗಡಿಗೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದರು, ಅಷ್ಟೇ. ಒಂದೇ ಅಡುಗೆಮನೆಯಲ್ಲಿ ಎರಡು ಸರ್ಕಾರ. ಎರಡೂ ಒಂದರ ಮುಖ ಇನ್ನೊಂದು ನೋಡದೆ ಆಡಳಿತ ನಡೆಸುತ್ತಿದ್ದವು.

ಈ ಎರಡು ಸರ್ಕಾರಗಳ ಏಕೈಕ ಮಗಳು ನನ್ನ ನಾದಿನಿ. ನನಗಿಂತ ಮೂರು ವರ್ಷಕ್ಕೆ ಸಣ್ಣವಳು. ಎತ್ತರದ ಹುಡುಗಿ, ಏನನ್ನೇ ತಿನ್ನುವ ಮೊದಲು ಮೂಗಿಗೆ ಹಿಡಿಯುವ ಚಟ. "ಬೆಕ್ಕಿನಂಗ ಮೂಸಬ್ಯಾಡ, ಬೀಗರು ಬಂದಾಗ ಹಿಂಗ ಮಾಡಿದ್ರ ಎದ್ದು ಹೊಕ್ಕಾರ" ಎಂದು ಅತ್ತೆ ಬೈಯುತ್ತಿದ್ದರು. ಬೀಗರು ಎರಡು ಸಲ ಬಂದು ಎದ್ದುಹೋಗಿಯೂ ಆಗಿತ್ತು, ಮೂಸಿದ್ದಕ್ಕಲ್ಲ, ಎತ್ತರಕ್ಕೆ. ಮೂರನೆಯ ಸಂಬಂಧ ಬಬಲೇಶ್ವರದಿಂದ ಬಂತು. ಆ ಹುಡುಗನನ್ನು ಅವಳು ವಿಜಾಪುರದಲ್ಲಿ ಯಾರದೋ ಮದುವೆಯಲ್ಲಿ ನೋಡಿದ್ದಳು. ಅವನೂ ನೋಡಿದ್ದನಂತೆ.

"ವೈನಿ, ನಿಮಗ ಒಬ್ಬರಿಗೇ ಹೇಳಾಕತ್ತೇನಿ," ಎಂದಳು ಬಟ್ಟೆ ಒಣಹಾಕುತ್ತ. "ಇವರು ಒಲ್ಲೆ ಅಂದ್ರ ನಾ ಮತ್ತ ಯಾರ ಮುಂದೂ ಸೀರಿ ಉಟಗೊಂಡು ಕುಂಡ್ರಂಗಿಲ್ಲ."

ಮಾವನವರು ಬೀಗರನ್ನು ಮನೆಗೆ ಕರೆಯಲಿಲ್ಲ, ಹೊಲಕ್ಕೆ ಕರೆದರು. ಸೀತನಿಯ ದಿನಗಳವು. ಜೋಳದ ತೆನೆ ಹಾಲು ಕಟ್ಟಿ ಇನ್ನೂ ಹಸಿರಿರುವಾಗ ಕಿತ್ತು, ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಹೊಟ್ಟು ಊದಿ, ಬಿಸಿಬಿಸಿ ಕಾಳು ತಿನ್ನುವುದಕ್ಕೆ ನಮ್ಮ ಕಡೆ ಸೀತನಿ ಅನ್ನುತ್ತಾರೆ. ಬೇಕಾದವರನ್ನು ಅದಕ್ಕೆ ಕರೆಯುವುದೇ ಒಂದು ಮರ್ಯಾದೆ. ಮನೆಯ ಹೆಣ್ಣುಮಗಳು ಮೊದಲ ತೆನೆ ತಿಕ್ಕಿ, ಬಂದವರಲ್ಲಿ ಹಿರಿಯರಾದವರ ಅಂಗೈಗೆ ಹಾಕಬೇಕು. ಆ ಮೇಲೇ ಉಳಿದವರು ಬಾಯಿ ಆಡಿಸುವುದು.

ತಯಾರಿ ಜೋರಾಗಿ ನಡೆಯಿತು. ಅತ್ತೆ ಸಜ್ಜೆರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿಯ ಚಟ್ನಿ, ಗಟ್ಟಿ ಮೊಸರು ಎಂದು ಲೆಕ್ಕ ಹಾಕುತ್ತಿದ್ದರೆ ಮಾವನವರು ವಿಜಾಪುರದ ಬಜಾರಿಗೆ ಹೋಗಿ ಬನ್ನು, ಬಿಸ್ಕೀಟು, ಕಣ್ಣು ಕುಕ್ಕುವ ಕೇಸರಿ ಬಣ್ಣದ ಸ್ಕ್ವಾಷ್ ಬಾಟಲಿ ತಂದರು.

"ರೊಟ್ಟಿ ಅವರ ಮನ್ಯಾಗ ಇಲ್ಲೇನು? ಬೀಗರು ನಮ್ಮ ಸ್ಟ್ಯಾಂಡರ್ಡ್ ನೋಡಲಿ."

ಅತ್ತೆ "ಆಳುಗಳಿಗೆ ಬುತ್ತಿ ಬೇಕಲ್ರಿ" ಎಂದು ಹತ್ತು ಆಳಿಗಾಗುವಷ್ಟು ಬುತ್ತಿ ಕಟ್ಟಿದರು. ಅವತ್ತು ಹೊಲದಲ್ಲಿದ್ದ ಆಳು ಇಬ್ಬರೇ.

ಬೆಳಿಗ್ಗೆ ನಾವು ಹೆಂಗಸರು ಹೊಲ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಜೋಳ ನನ್ನ ನಾದಿನಿಗಿಂತಲೂ ಎತ್ತರ ಬೆಳೆದು ತೂಗುತ್ತಿತ್ತು. ಸೀತನಿಗೆಂದು ಬೇರೆಯಾಗಿ ಬಿತ್ತಿದ ಪಟ್ಟಿಯ ಹತ್ತಿರ ಹೋದವಳೇ ಅವಳು ನಿಂತುಬಿಟ್ಟಳು. ಎಲೆಯ ಮೇಲೆ, ತೆನೆಯ ಮೇಲೆ ತೆಳ್ಳಗೆ ಬಿಳುಪು. ನಾನು ಇಬ್ಬನಿ ಎಂದುಕೊಂಡೆ. ಅವಳು ತೆನೆ ಬಗ್ಗಿಸಿ ಮೂಸಿದಳು.

"ಅವ್ವಾ, ಇದು ಜ್ವಾಳದ ಕ್ವಾಣ್ಯಾಗಿನ ವಾಸನಿ."

ಮಾವನವರು ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದರು. ಅತ್ತೆ ಕೇಳಿದಾಗ ಮುಖದಲ್ಲಿ ಹೆಮ್ಮೆಯೇ ಹೆಮ್ಮೆ. "ನಿನ್ನೆ ಸಂಜಿಕೇ ಹೊಡಿಸೀನಿ. ಪುಡಿ ಅರಿವ್ಯಾಗ ಕಟ್ಟಿಸಿ ತೆನಿ ತೆನಿಗೂ ಜಾಡಿಸ್ಯಾರ. ಬೀಗರು ತೆನಿ ತಿಕ್ಕೂ ಮುಂದ ಒಂದ ಹುಳಾ ಹೊಂಟ್ರ ನಮ್ಮ ಮಾನ ಏನ ಉಳಿತು?"

"ಉಣ್ಣೂ ತೆನಿಗೆ ಔಷಧ ಹೊಡಿಸೀರಿ?"

"ಉಣ್ಣೂ ತೆನಿಗೇ ಹೊಡಿಬೇಕು. ದನಾ ತಿನ್ನೂದಕ್ಕ ಹುಳಾ ಇದ್ರೇನು, ಬಿಟ್ರೇನು?"

ಲಾಜಿಕ್ ಎಂದರೆ ಇದು. ಮುಂದಿನ ಮಾತಿಗೆ ಸಮಯವಿರಲಿಲ್ಲ. ದಾರಿಯಲ್ಲಿ ಧೂಳೆದ್ದಿತು, ಬೀಗರ ಜೀಪು ಬಂತು.

ಇಳಿದವರು ಮೂವರು: ಹುಡುಗ, ಅವನ ಅಪ್ಪ, ಅಪ್ಪನ ತಾಯಿ. ಮುದುಕಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಹಲ್ಲು ಅರ್ಧ ಹೋಗಿದ್ದರೂ ನಾಲಗೆ ಪೂರ್ತಿ ಇತ್ತು. ಹುಡುಗನ ಅಪ್ಪನೂ ನಮ್ಮ ಮಾವನವರ ಜಾತಿಯವನೇ, ಸೈನ್ಸಿನ ಜಾತಿ. ಕಂಬಳಿಯ ಮೇಲೆ ಕೂತವರೇ ಇಬ್ಬರೂ ಔಷಧದ ಮಾತಿಗಿಳಿದರು.

"ನಾವು ಈ ಸಲ ಎರಡ ಸಲ ಹೊಡಿಸೇವ್ರಿ," ಎಂದರು ಬೀಗರು.

"ಎರಡಽ? ನಾವು ಮೂರು."

"ನಮ್ಮ ಪುಡಿ ಭಾಳ ಕಡಕ್ ಬಿಡ್ರಿ. ಹೊಡದ ಆಳು ಎರಡ ದಿನಾ ಎದ್ದಿಲ್ಲ!"

ಹೀಗೆ ಹೆಮ್ಮೆಪಟ್ಟುಕೊಳ್ಳುವುದನ್ನು ಕೇಳುತ್ತ ನಾನು ಸ್ಕ್ವಾಷ್ ಕಲಸುತ್ತಿದ್ದೆ. ಹುಡುಗ ಕೆಂಡದ ಕಡೆ ನೋಡುವ ನೆಪದಲ್ಲಿ ನಾದಿನಿಯನ್ನು ನೋಡುತ್ತಿದ್ದ. ಅವಳು ಕೆಂಡದಿಂದ ತೆನೆ ಎತ್ತಿ, ತಿಕ್ಕಿ, ಊದಿದಳು. ಹಸಿರು ಕಾಳು ಮುತ್ತಿನ ಹಾಗೆ ಅಂಗೈ ತುಂಬಿತು. ಆಯಿ ಕೈ ಚಾಚಿದರು. ಮಾವನವರು ತಾವೇ ಒಂದು ತೆನೆ ತಿಕ್ಕಿ ಬೀಗರ ಮುಷ್ಟಿಗೆ ಅರ್ಧ ಸುರಿದು, ತಮ್ಮ ಮುಷ್ಟಿಯಲ್ಲಿ ಅರ್ಧ ಹಿಡಿದು, ಆಯಿಯ ಬಾಯಿ ಆಡುವುದನ್ನೇ ಕಾಯುತ್ತಿದ್ದರು.

ನಾದಿನಿಯ ಕೈ ಮುಂದೆ ಹೋಗಲೇ ಇಲ್ಲ. ಅದೇ ಹಳೆಯ ಚಟ, ಮೂಗಿನ ಹತ್ತಿರ ಹೋಯಿತು. ಅತ್ತೆ ಕಣ್ಣು ಮುಚ್ಚಿದರು.

"ಆಯೀ, ಇದನ್ನ ತಿನಬ್ಯಾಡ್ರಿ. ನಿನ್ನೆ ಇದಕ್ಕ ಔಷಧ ಹೊಡದಾರ."

"ಏ ಹುಚ್ಚಿ!" ಮಾವನವರ ಪಟಗ ನಡುಗಿತು. "ಬೆಂಕ್ಯಾಗ ಸುಟ್ಟ ಮ್ಯಾಲ ಔಷಧ ಎಲ್ಲಿ ಉಳಿತೈತಿ?"

"ಉಳಿದ್ರೂ ಏನಾತವಾ?" ಹುಡುಗನ ಅಪ್ಪ ಮಾವನವರ ಬೆಂಬಲಕ್ಕೆ ಬಂದ. "ಔಷಧ ಇರೂದು ಹುಳಕ್ಕ, ಮನಶ್ಯಾಗಲ್ಲ."

ಆಯಿ ಚಾಚಿದ ಕೈ ಹಿಂತೆಗೆದುಕೊಂಡು ಇಬ್ಬರನ್ನೂ ನೋಡಿದರು. "ಹಂಗಂದ್ರ ನೀವಿಬ್ಬರೂ ಮೊದಲ ತಿನ್ರಿ. ಹುಳಾ ಯಾರು, ಮನಶ್ಯಾ ಯಾರು ಅಂತ ನನಗೂ ಗೊತ್ತಾಗಲಿ."

ಇಬ್ಬರು ಪ್ರಗತಿಪರರೂ ತಂತಮ್ಮ ಮುಷ್ಟಿ ನೋಡಿಕೊಂಡರು. ಚೆಲ್ಲಿದರೆ ಸೈನ್ಸಿಗೆ ಅವಮಾನ, ತಿಂದರೆ... ತಿಂದರೆ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಯಾರೂ ತಿನ್ನಲಿಲ್ಲ. "ಆರಲಿ, ಆಮ್ಯಾಲ ತಿಂತೀನಿ" ಎಂದು ಮಾವನವರು ಕಾಳನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. "ನಾನೂ ಹಂಗಽ" ಎಂದು ಬೀಗರು. ಎರಡು ಕಿಸೆಗಳೂ ಉಬ್ಬಿದವು.

"ನಮ್ಮ ಹೊಲಕ್ಕೂ ಇವಾ ಇಭೂತಿ ಬಡದಂಗ ಬಡದಾನ," ಎಂದರು ಆಯಿ ಮಗನನ್ನು ತೋರಿಸಿ. "ಅಲ್ಲಿ ಸೀತನಿ ಇಲ್ಲಂತ ಜೀಪನ್ಯಾಗ ನಡಾ ಮುರಕೊಂಡು ಇಲ್ಲೀತನಾ ಬಂದ್ರ, ಇಲ್ಲೂ ಅದಽ! ಅದಿರಲಿ, ಉಣ್ಣಾಕ ಏನರೆ ಅದನೋ ಇಲ್ಲೋ?"

ನಾನು ಬನ್ನು, ಬಿಸ್ಕೀಟಿನ ತಟ್ಟೆ ಹಿಡಿದೆ.

"ಯಾರಿಗೆ ಜ್ವರ ಬಂದೈತಿ?" ಎಂದು ಆಯಿ ಬನ್ನು ನೋಡಿ ಕೇಳಿದರು.

ಅತ್ತೆ ಆಳುಗಳ ಬುತ್ತಿ ಬಿಚ್ಚಿದರು. ಸಜ್ಜೆರೊಟ್ಟಿಯ ಮೇಲೆ ಕುಸುಬಿ ಎಣ್ಣೆ ಹರಿಯುವ ಬದನೆಕಾಯಿ. ಆಯಿ ರೊಟ್ಟಿಯನ್ನು ಮೊಸರಲ್ಲಿ ನೆನೆಹಾಕಿ ಉಂಡರು. ಹುಡುಗ ನಾಲ್ಕನೆಯ ರೊಟ್ಟಿಗೆ ಕೈ ಚಾಚುವವರೆಗೆ ತಲೆ ಎತ್ತಲಿಲ್ಲ. ಪ್ರಗತಿಪರರಿಬ್ಬರೂ ಅವನಿಗಿಂತ ಕಡಿಮೆ ಉಣ್ಣಲಿಲ್ಲ. ಸ್ಕ್ವಾಷ್ ಅನ್ನು ಇರುವೆಗಳು ಸಹ ಮುಟ್ಟಲಿಲ್ಲ, ನಾನೇ ಕೂತು ನೋಡಿದೆ.

ಜೀಪು ಹತ್ತುವಾಗ ಹುಡುಗನ ಅಪ್ಪ ಹೇಳಿದ್ದಿಷ್ಟು: "ಹುಡುಗಿ ಛಲೋ ಅದಾಳ್ರಿ. ಬಾಯಿ ಜರಾ ಉದ್ದ. ತಿಳಸ್ತೀವಿ."

‘ತಿಳಸ್ತೀವಿ’ ಎಂದರೆ ಏನೆಂದು ಹೆಣ್ಣು ಹೆತ್ತವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾವನವರು ಮಗಳ ಜೊತೆ ಮಾತು ಬಿಟ್ಟರು. ಪಂಪಿನ ಸದ್ದು ಮಾತ್ರ ಮೊದಲಿಗಿಂತ ಜೋರಾಯಿತು. ಅಂಗಿ ಒಗೆಯುವ ದಿನ ಅತ್ತೆ ಅವರ ಕಿಸೆಯಿಂದ ಒಣಗಿದ ಕಾಳನ್ನು ತೆಗೆದು, ನೋಡಿ, ಮಣ್ಣಲ್ಲಿ ಹೂತರು.

"ಕೊಟ್ಟುಬಿಡಬೇಕಿತ್ತು ಅನಸ್ತೈತೇನು?" ನಾನು ನಾದಿನಿಯನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಅನಸ್ತೈತಿ ವೈನಿ. ದಿನಾ ರಾತ್ರಿ ಅನಸ್ತೈತಿ. ಮುಂಜಾನೆ ಎದ್ದ ಮ್ಯಾಲ, ಆ ಮುದುಕಿ ಬಾಯಿ ಕಣ್ಣಿಗೆ ಕಟ್ಟತೈತಿ. ಹೆಂಗ ಕೊಡಲಿ?" ರೊಟ್ಟಿ ಹರಿಯಿತು. ಅವಳ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೋಳಿ ಹೋಯಿತು, ಯುಗಾದಿ ಹೋಯಿತು. ಒಂದು ಸಂಜೆ ಮಾವನವರು ಪಂಪು ಹಿಡಿದು ಕಟ್ಟೆಯ ಮೇಲೆ ನಿಂತಿದ್ದಾಗ ಬಸ್ಸಿನಿಂದ ಒಬ್ಬರೇ ಇಳಿದು ಬಂದರು ಆಯಿ. ಬಗಲಲ್ಲಿ ಬಟ್ಟೆಯ ಗಂಟು. ಮಾವನವರು ಬೀಡಿ ಸಮೇತ ಸಿಕ್ಕಿಬಿದ್ದ ಹುಡುಗನ ಹಾಗೆ ಪಂಪನ್ನು ಬೆನ್ನಹಿಂದೆ ಸರಿಸಿದರು.

"ಹೊಡಿಯಪ್ಪಾ, ಹೊಡಿ. ನಾ ಬರೂ ಮುಂದ ಬ್ಯಾಡ, ಅಷ್ಟ." ಆಯಿ ಗಂಟು ಬಿಚ್ಚಿದರು. ಬೂದಿ ಹತ್ತಿದ ಬಿಳಿಜೋಳ, ನಡುನಡುವೆ ಒಣ ಬೇವಿನೆಲೆ. "ಇದು ನಮ್ಮ ಅತ್ತಿ ಕಾಲದಿಂದ ಇಟಗೊಂಡು ಬಂದ ಬೀಜಾ. ಮುಂದಿನ ಹಂಗಾಮಿಗೆ ಹೊಲದಾಗ ನಾಕ ಸಾಲು ಬಿಡ್ತೀನಿ, ಔಷಧ ಮುಟ್ಟಸಂಗಿಲ್ಲ ಅಂತ ಮಗನ ಕೈಲೆ ಮಾತು ತಗೊಂಡೀನಿ. ಆದ್ರ ನಾ ಎಷ್ಟ ದಿನಾ ಕಾಯಲಿ? ಕಾಯಾಕ ಬಾಯಿ ಉದ್ದ ಇದ್ದಾಕಿನಽ ಬೇಕು. ಕರೀರಿ ಅಕೀನ."

ನಾದಿನಿ ಬಂದು ಸೆರಗು ಒಡ್ಡಿದಳು. ಆಯಿ ಬೀಜ ಸುರಿದರು. ನಿಶ್ಚಯದ ಶಾಸ್ತ್ರ ಆಮೇಲೆ ದೊಡ್ಡದಾಗಿಯೇ ನಡೆಯಿತು, ಆದರೆ ನನ್ನ ಮಟ್ಟಿಗೆ ನಿಶ್ಚಯವಾದದ್ದು ಆ ಕಟ್ಟೆಯ ಮೇಲೆ. ಮದುವೆಯ ಹಿಂದಿನ ದಿನ ಮಾವನವರು ಇಡೀ ಹಂದರಕ್ಕೆ ಪಂಪು ಹೊಡೆದೇ ತೀರಿದರು. ಭಟ್ಟರು ಸೀನುತ್ತ ಮಂತ್ರ ಹೇಳಿದರು.

ಈಗ ವಿಜಯಪುರದಲ್ಲಿ ಒಂದು ಎ.ಸಿ. ಅಂಗಡಿಯಿದೆ. ಅಲ್ಲಿ ಕೆಮಿಕಲ್ ಫ್ರೀ ಜೋಳ, ಗಾಣದ ಕುಸುಬಿ ಎಣ್ಣೆ, ಪಾತ್ರೆ ತಿಕ್ಕುವ ಬೂದಿ ಕೂಡ ಚಂದದ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಪ್ಯಾಕೆಟ್ಟಿನ ಮೇಲೆ ನಗುವ ಅಜ್ಜಿಯ ಚಿತ್ರ. ಹಲ್ಲು ನೋಡಿದರೆ ಯಾರ ಅಜ್ಜಿಯೂ ಅಲ್ಲ. ನನ್ನ ಸೊಸೆ ಅದನ್ನು ನನ್ನ ಮುಂದೆ ಹಿಡಿದು "ಅತ್ತೀ, ಲೇಬಲ್ ಓದ್ರಿ" ಅನ್ನುತ್ತಾಳೆ. ಐವತ್ತು ವರ್ಷವಾಯಿತು, ನನಗೆ ಪ್ರಮೋಷನ್ ಸಿಕ್ಕಿಲ್ಲ. ನನಗಂತೂ ಲೇಬಲ್ ಬೇಡ, ಒಂದು ಮೂಗು ಬೇಕು.

ಎಪ್ಪತ್ತರ ದಶಕದ ಕೊನೆಗೆ ನನ್ನ ಗಂಡನಿಗೆ ದೂರದೂರಿಗೆ ವರ್ಗವಾಯಿತು. ನಾದಿನಿಗೆ ಹೇಳಿ ಬರಲೆಂದು ಬಬಲೇಶ್ವರಕ್ಕೆ ಹೋದೆ. ಆಯಿ ಅಷ್ಟೊತ್ತಿಗೆ ತೀರಿಕೊಂಡಿದ್ದರು. ನಾದಿನಿ ನನ್ನನ್ನು ಹೊಲಕ್ಕೆ ಕರೆದೊಯ್ದಳು. ವಿಶಾಲವಾದ ಜೋಳದ ಅಂಚಿನಲ್ಲಿ ಹಳೆಯ ಸೀರೆಯ ಪಟ್ಟಿ ಕಟ್ಟಿ ಗುರುತು ಮಾಡಿದ ನಾಲ್ಕು ಸಾಲು.

"ಹುಳಾ ಅದಾವ ವೈನಿ, ಸುಳ್ಳ ಯಾಕ ಹೇಳಲಿ?" ಎಂದು ನಕ್ಕಳು. "ಗಾಳಿ ಬಿಟ್ರ ಆ ಕಡಿ ಪುಡಿ ಈ ಕಡಿ ಬರತೈತಿ. ಗಾಳಿಗೆ ಯಾರು ಹೇಳಬೇಕು? ನಡುವಿನ ಎರಡ ಸಾಲಿಂದು ಅಷ್ಟ ತಿಂತೀವಿ. ನಮ್ಮ ಮಾವಾರು ದಿನಾ ಬೈತಾರ. ಬೈದು, ಸೀತನಿ ಸುಡೂ ಮುಂದ ಎಲ್ಲಾರಕಿಂತ ಮೊದಲ ಬಂದು ಕುಂಡ್ರತಾರ."

ಮರುವರ್ಷದ ಸೀತನಿಗೆ ನನಗೆ ಬರಲಾಗಲಿಲ್ಲ. ಅದರ ಮುಂದಿನದಕ್ಕೆ ಅವಳಿರಲಿಲ್ಲ. ಹೆರಿಗೆಗೆ ಹೋದವಳು ತಿರುಗಿ ಮನೆಗೆ ಬರಲಿಲ್ಲ.

ನಾನು ಕೊನೆಯ ಸಲ ನೋಡಿದ ಆ ದಿನ ಅವಳು ಆ ನಾಲ್ಕು ಸಾಲಿನ ಪಕ್ಕ ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಖಕ್ಕೆ ಹೊಗೆ ಬಡಿಯುತ್ತಿದ್ದರೂ ತೆನೆ ತಿಕ್ಕುತ್ತಿದ್ದಳು. ಹೊಟ್ಟು ಊದಿದಳು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ, ಮೊದಲು ಅಂಗೈಯನ್ನು ಮೂಗಿಗೆ ಹಿಡಿದಳು. ಗಾಳಿ ತಿರುಗಿತೇನೋ, ಇನ್ನೊಮ್ಮೆ ಹಿಡಿದಳು. ಆಮೇಲೆ ನನ್ನ ಕೈಗೆ ಸುರಿದು, "ತಿನ್ರಿ ವೈನಿ" ಎಂದಳು.